ಮದ್ದೂ ಅಮಲೂ: ಒಂದು ಕಲಮಿನ ಚರಿತ್ರೆ

‘ಮದ್ದು’ ಎಂಬುದು ನಮ್ಮ ಭಾಷೆಯ ಬಲು ವಿಚಿತ್ರವಾದ ಶಬ್ದ. ರೋಗಿಗೆ ಕೊಟ್ಟರೆ ಅದು ಔಷಧಿ. ಕೋವಿಗೆ ತುಂಬಿದರೆ ಸಿಡಿಯುವ ಪುಡಿ. ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದು ಮಲೆನಾಡಿನ ಕಡೆ ಹೇಳಿದರೆ ವಿಷ. ಇಂಗ್ಲಿಷಿನ ‘ಡ್ರಗ್’ ಶಬ್ದದ ಹಣೆಬರಹವೂ ಹೀಗೆಯೇ. ಔಷಧದ ಅಂಗಡಿಯಲ್ಲಿ ಅದು ಗುಳಿಗೆ, ಪೊಲೀಸು ಠಾಣೆಯಲ್ಲಿ ಗಾಂಜಾ, ಅಫೀಮು. ನಮ್ಮ ಪತ್ರಿಕೆಗಳು ಮಾತ್ರ ಅದನ್ನು ಸಾಮಾನ್ಯವಾಗಿ ‘ಮಾದಕ ವಸ್ತು’ ಎಂದೇ ಕನ್ನಡಿಸುತ್ತವೆ. ಆದ್ದರಿಂದ ‘ಮದ್ಯ ಅಥವಾ ಮಾದಕ ವಸ್ತು ಸೇವಿಸಿ ವಾಹನ ನಡೆಸುವುದು ಅಪರಾಧ’ ಎಂಬ ಸಾಲನ್ನು ಓದಿದ ಸಂಭಾವಿತ ಗೃಹಸ್ಥ, ಬೀಡಿಯನ್ನೂ ಸೇದದವನು, ಇದು ತನಗೆ ಹೇಳಿದ ಮಾತಲ್ಲವೆಂದು ಪುಟ ಮಗುಚುತ್ತಾನೆ. ರಾತ್ರಿ ನಿದ್ದೆಗೆಂದು ನುಂಗಿದ ಗುಳಿಗೆ, ನೆಗಡಿಗೆಂದು ಬೆಳಿಗ್ಗೆ ನುಂಗಿದ ಇನ್ನೊಂದು ಗುಳಿಗೆ, ಸಕ್ಕರೆ ಕಾಯಿಲೆಗೆ ಚುಚ್ಚಿಕೊಂಡ ಇನ್ಸುಲಿನ್ ಇವೂ ಆ ಶಬ್ದದೊಳಗೆ ಅಡಗಿರಬಹುದೆಂದು ಅವನಿಗೆ ಹೊಳೆಯುವುದಿಲ್ಲ.

ಡಾಕ್ಟರು ಬರೆದುಕೊಟ್ಟ ಔಷಧಿಯನ್ನೇ ತೆಗೆದುಕೊಂಡು ಒಬ್ಬಾತ ಮೋಟಾರು ನಡೆಸಿದ. ದಾರಿಯಲ್ಲಿ ಯಾರಿಗೋ ಬಡಿಯಿತು. ಅವನು ರೋಗಿಯೋ, ಅಪರಾಧಿಯೋ? ಎಪ್ಪತ್ತು ವರ್ಷಗಳಿಗೂ ಹಿಂದಿನಿಂದ ನ್ಯಾಯಾಲಯಗಳು ಈ ಪ್ರಶ್ನೆಯ ಸುತ್ತ ತಿರುಗುತ್ತಿವೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಈ ಮುಂಬಯಿಯಲ್ಲೇ. ನಾನು ವಕೀಲನಲ್ಲ, ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತವನು. ಆದರೆ ಹಳೆಯ ಕಡತದ ಒಂದು ಶಬ್ದ ಹೊಸ ಕಡತಕ್ಕೆ ಹೇಗೆ ನಕಲಾಗುತ್ತ ಬರುತ್ತದೆ ಎಂಬುದು ಗುಮಾಸ್ತನಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಈ ಕಥೆಯೂ ಅಂಥ ಒಂದು ನಕಲಿನ ಕಥೆಯೇ.

ಮೂಲ ಪ್ರತಿ ಇರುವುದು ಇಂಗ್ಲೆಂಡಿನಲ್ಲಿ. ೧೮೭೨ರ ಲೈಸೆನ್ಸಿಂಗ್ ಕಾಯಿದೆಯಲ್ಲಿ, ಹೆದ್ದಾರಿಯಲ್ಲಿ ಕುಡಿದ ಸ್ಥಿತಿಯಲ್ಲಿ ಗಾಡಿ, ಕುದುರೆ, ದನ ಅಥವಾ ಉಗಿಯಂತ್ರವನ್ನು ನೋಡಿಕೊಳ್ಳುತ್ತಿದ್ದವನಿಗೆ ನಲವತ್ತು ಶಿಲಿಂಗ್ ದಂಡ ಅಥವಾ ಒಂದು ತಿಂಗಳ ಸೆರೆ ಎಂದಿತ್ತು. ಮೋಟಾರು ಆಗಿನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ ಮೇಲೆ, ೧೮೯೭ರ ಸೆಪ್ಟೆಂಬರ್ ೧೦ರಂದು, ಲಂಡನ್ನಿನ ಜಾರ್ಜ್ ಸ್ಮಿತ್ ಎಂಬ ಟ್ಯಾಕ್ಸಿಯವನು ತನ್ನ ವಿದ್ಯುತ್ ಗಾಡಿಯನ್ನು ನ್ಯೂ ಬಾಂಡ್ ಸ್ಟ್ರೀಟಿನ ಕಟ್ಟಡವೊಂದಕ್ಕೆ ಗುದ್ದಿಸಿ, ಕುಡಿದಿದ್ದೆನೆಂದು ಒಪ್ಪಿಕೊಂಡು, ದಂಡ ತೆತ್ತ. ಕುಡಿದು ಮೋಟಾರು ನಡೆಸಿ ಶಿಕ್ಷೆ ಹೊಂದಿದವರಲ್ಲಿ ಅವನೇ ಮೊದಲಿಗನೆಂದು ಹೇಳುತ್ತಾರೆ. ವಿದ್ಯುತ್ ಗಾಡಿ ಇಂದಿನ ಹೊಸತೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬಹುದು!

೧೯೨೫ರಲ್ಲಿ ಯಂತ್ರಚಾಲಿತ ವಾಹನಗಳೂ ಆ ಅಪರಾಧದೊಳಗೆ ಬಂದವು. ಆದರೂ ಕಾನೂನು ಕೇಳುತ್ತಿದ್ದದ್ದು ‘ಕುಡಿದಿದ್ದನೆ?’ ಎಂದು ಮಾತ್ರ. ಮುಂದೆ ೧೯೩೦ರ ರೋಡ್ ಟ್ರಾಫಿಕ್ ಕಾಯಿದೆಯ ೧೫ನೆಯ ಕಲಮಿನಲ್ಲಿ ಮಾತು ಬದಲಾಯಿತು. ಮದ್ಯದ ಅಥವಾ ‘ಡ್ರಗ್’ನ ಪ್ರಭಾವದಿಂದ, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಮಟ್ಟಿಗೆ ಅಸಮರ್ಥನಾದವನು ಅಪರಾಧಿ ಎಂದು ಬರೆದರು. ಈ ಸಾಲನ್ನು ನೆನಪಿನಲ್ಲಿಡಿ. ನಾವು ಇಂದಿಗೂ ಇದರ ನೆರಳಿನಲ್ಲೇ ಇದ್ದೇವೆ. ‘ಡ್ರಗ್’ ಎಂದರೇನು ಎಂಬ ವಿವರಣೆಯನ್ನು ಅವರು ಕೊಡಲಿಲ್ಲ. ನಿದ್ದೆಯ ಮದ್ದಾದ ಬಾರ್ಬಿಟಾಲ್ ೧೯೦೩ರಿಂದಲೂ, ಅಪಸ್ಮಾರದ ಮದ್ದಾದ ಫಿನೋಬಾರ್ಬಿಟಾಲ್ ೧೯೧೨ರಿಂದಲೂ ಅಂಗಡಿಗಳಲ್ಲಿದ್ದವು. ಇನ್ಸುಲಿನ್ ಚುಚ್ಚುಮದ್ದು ರೋಗಿಗಳಿಗೆ ದೊರೆಯತೊಡಗಿದ್ದು ೧೯೨೨ರಲ್ಲಿ. ಇವೆಲ್ಲ ಆ ಶಬ್ದದೊಳಗೆ ಬರುತ್ತವೋ ಇಲ್ಲವೋ ಎಂಬುದು ಮುಂದಿನವರ ತಲೆನೋವಾಯಿತು.

೧೯೩೯ರಲ್ಲಿ ಭಾರತದ ಮೋಟಾರು ವಾಹನ ಕಾಯಿದೆ ಬಂದಾಗ ಅದರ ೧೧೭ನೆಯ ಕಲಮು ಹೆಚ್ಚುಕಡಿಮೆ ಆ ಇಂಗ್ಲಿಷ್ ವಾಕ್ಯದ ನಕಲೇ ಆಗಿತ್ತು. ಅದೇ ‘ಡ್ರಿಂಕ್ ಆರ್ ಎ ಡ್ರಗ್’, ಅದೇ ‘ಸರಿಯಾದ ಹತೋಟಿ’. ವಿವರಣೆ ಇಲ್ಲಿಯೂ ಇಲ್ಲ.

ಆದರೆ ಮದ್ದಿನ ಪ್ರಶ್ನೆ ಮುಂಬಯಿಯಲ್ಲಿ ಎದ್ದದ್ದು ಈ ಕಲಮಿನಿಂದಲ್ಲ, ಪಾನನಿರೋಧದಿಂದ. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆ ಬಂದಾಗ ಮೊರಾರ್ಜಿ ದೇಸಾಯಿಯವರು ಇಲ್ಲಿನ ಗೃಹಮಂತ್ರಿಗಳು. ಆಗ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಮುಂಬಯಿಗೆ ಸೇರಿದ್ದುವಾದ್ದರಿಂದ ೧೯೫೬ರ ಏಕೀಕರಣದವರೆಗೆ ಆ ಕಡೆಯ ನಮ್ಮ ಹಿರಿಯರೂ ಇದೇ ಕಾಯಿದೆಯ ಪ್ರಜೆಗಳು. ಕಾಯಿದೆ ಬಲು ಬಿಗಿ. ಮದ್ಯ ಮಾತ್ರವಲ್ಲ, ಆಲ್ಕೋಹಾಲು ಬೆರೆತ ದ್ರವಗಳೆಲ್ಲವೂ ಅದರ ‘ಲಿಕ್ಕರ್’ ಎಂಬ ಶಬ್ದದೊಳಗೆ ಬಿದ್ದವು. ಟಾನಿಕ್ಕು, ಅರಿಷ್ಟ, ಓಡಿಕೊಲೋನು ಏನೂ ಉಳಿಯಲಿಲ್ಲ. ಇದನ್ನು ಪ್ರಶ್ನಿಸಿ ಬಾಲ್ಸಾರಾ ಎಂಬ ನಾಗರಿಕರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೫೧ರ ಮೇ ೨೫ರಂದು ಬಂದ ತೀರ್ಪಿನಲ್ಲಿ ಪಾನನಿರೋಧದ ಬಹುಭಾಗ ಊರ್ಜಿತವಾಗಿ ಉಳಿಯಿತು. ಆದರೆ ಆಲ್ಕೋಹಾಲು ಬೆರೆತ ಔಷಧಿಗಳನ್ನೂ ಅಲಂಕಾರ ದ್ರವಗಳನ್ನೂ ನಿಷೇಧಿಸಿದಷ್ಟು ಭಾಗ ಸಂವಿಧಾನಕ್ಕೆ ವಿರುದ್ಧವೆಂದು ಬಿದ್ದುಹೋಯಿತು.

ಇದಾಗಿ ನಾಲ್ಕೇ ದಿನ. ಮೇ ೨೯ರ ರಾತ್ರಿ ಮುಂಬಯಿಯ ರಸ್ತೆಯಲ್ಲಿ ಒಂದು ಜೀಪು ಮೂವರು ಪಾದಚಾರಿಗಳಿಗೆ ಬಡಿಯಿತು. ಜೀಪು ನಡೆಸುತ್ತಿದ್ದವರು ಯಾರೆಂದುಕೊಂಡಿರಿ? ಬೆಹ್ರಾಮ್ ಖುರ್ಷಿದ್ ಪೇಸಿಕಾಕ, ಆಗ ಮುಂಬಯಿ ವಲಯದ ಹಂಗಾಮಿ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು! ಎಂದರೆ ಊರಿನವರ ವಾಹನಗಳ ಮೇಲೆ ಕಣ್ಣಿಡಬೇಕಾದ ಇಲಾಖೆಯ ಅಧಿಕಾರಿಗಳೇ. ಪೊಲೀಸರು ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷಿಸಿದ ವೈದ್ಯರು ಬರೆದದ್ದು ಹೀಗೆ: ಉಸಿರಿನಲ್ಲಿ ಆಲ್ಕೋಹಾಲಿನ ವಾಸನೆ ಇದೆ, ಕಣ್ಣು ಕೆಂಪಾಗಿದೆ, ಪಾಪೆ ಅರ್ಧ ಹಿಗ್ಗಿದೆ, ಆದರೆ ಮಾತು ಸರಿಯಾಗಿದೆ, ನೇರ ಗೆರೆಯ ಮೇಲೆ ನಡೆಯಬಲ್ಲರು. ಆಲ್ಕೋಹಾಲು ಯಾವುದೋ ರೂಪದಲ್ಲಿ ಹೊಟ್ಟೆಗೆ ಹೋಗಿದೆ, ಅಮಲು ಮಾತ್ರ ಏರಿದಂತಿಲ್ಲ ಎಂಬುದು ವೈದ್ಯರ ಅಭಿಪ್ರಾಯ.

ಪೇಸಿಕಾಕರ ಉತ್ತರ ಸರಳವಾಗಿತ್ತು. ತಾನು ಮದ್ಯ ಕುಡಿದಿಲ್ಲ, ಬಿ.ಜಿ. ಫಾಸ್ ಎಂಬ ಟಾನಿಕ್ಕು ಸೇವಿಸಿದ್ದೆ. ನಮ್ಮ ಹಿರಿಯರ ಕಾಲದ ಕಪಾಟುಗಳನ್ನು ಕಂಡವರಿಗೆ ಅಂಥ ಟಾನಿಕ್ಕು ಸೀಸೆಗಳ ಪರಿಚಯವಿರುತ್ತದೆ. ಕಾಯಿಲೆ ಬಿದ್ದು ಎದ್ದವರಿಗೆ, ಬಾಣಂತಿಗೆ, ಪರೀಕ್ಷೆಗೆ ಓದುವ ಹುಡುಗನಿಗೆ ಊಟದ ಮೇಲೆ ಎರಡು ಚಮಚ. ಅವುಗಳಲ್ಲಿ ಹಲವಕ್ಕೆ ಆಲ್ಕೋಹಾಲು ಬೆರೆಸಿರುತ್ತಿತ್ತೆಂಬುದು ಚೀಟಿಯನ್ನು ಓದಿದವರಿಗೆ ಮಾತ್ರ ಗೊತ್ತು.

ಅವರ ಮೇಲೆ ಎರಡು ಬಗೆಯ ಆರೋಪಗಳಿದ್ದವು. ಒಂದು, ನಿರ್ಲಕ್ಷ್ಯದ ಚಾಲನೆಯಿಂದ ಗಾಯಗೊಳಿಸಿದ್ದು. ಇನ್ನೊಂದು, ಪಾನನಿರೋಧ ಕಾಯಿದೆಯ ೬೬ (ಬಿ) ಕಲಮಿನಂತೆ ನಿಷಿದ್ಧ ಮದ್ಯ ಸೇವಿಸಿದ್ದು. ಮ್ಯಾಜಿಸ್ಟ್ರೇಟರು ಖುಲಾಸೆ ಮಾಡಿದರು. ಸರಕಾರ ಅಪೀಲು ಹೋಯಿತು. ಹೈಕೋರ್ಟು ಪಾನನಿರೋಧದ ಆರೋಪದಲ್ಲಿ ತಪ್ಪಿತಸ್ಥರೆಂದು ಒಂದು ತಿಂಗಳ ಕಠಿಣ ಸಜೆ, ಐನೂರು ರೂಪಾಯಿ ದಂಡ ವಿಧಿಸಿತು. ಟಾನಿಕ್ಕು ಕುಡಿದೆನೆಂದು ಹೇಳುವವನೇ ಅದನ್ನು ಸಾಬೀತು ಮಾಡಬೇಕು, ಇವರು ಮಾಡಿಲ್ಲ ಎಂಬುದು ಅದರ ತರ್ಕ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಏರಿತು. ಮೊದಲು ಕೇಳಿದ ಮೂವರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರದೆ, ದೊಡ್ಡ ಪೀಠಕ್ಕೆ ಹೋಯಿತು. ೧೯೫೪ರಲ್ಲಿ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರಿದ್ದ ಪೀಠದ ಬಹುಮತದ ತೀರ್ಪು ಪೇಸಿಕಾಕರ ಪರವಾಗಿ ಬಂತು. ಔಷಧಿಯ ನಿಷೇಧ ಬಾಲ್ಸಾರಾ ತೀರ್ಪಿನಲ್ಲೇ ಬಿದ್ದುಹೋಗಿದೆ. ಆ ಭಾಗ ಕಾನೂನಿನ ಪುಸ್ತಕದಲ್ಲಿ ಇಲ್ಲವೆಂದೇ ಎಣಿಸಬೇಕು. ಆದ್ದರಿಂದ ಹೊಟ್ಟೆಗೆ ಹೋದದ್ದು ಔಷಧಿಯಲ್ಲ, ನಿಷಿದ್ಧ ಮದ್ಯವೇ ಎಂದು ತೋರಿಸುವ ಹೊರೆ ಸರಕಾರದ್ದು. ಸಂವಿಧಾನದ ವಿದ್ಯಾರ್ಥಿಗಳು ಈ ತೀರ್ಪನ್ನು ಬೇರೆಯದೇ ಕಾರಣಕ್ಕೆ ಓದುತ್ತಾರೆ. ಕೋರ್ಟು ರದ್ದುಪಡಿಸಿದ ಕಾನೂನಿನ ಗತಿಯೇನು ಎಂಬ ದೊಡ್ಡ ಪ್ರಶ್ನೆ ಅದರಲ್ಲಿದೆ. ಆ ದೊಡ್ಡ ಪ್ರಶ್ನೆಯ ಬುಡದಲ್ಲಿರುವುದು ಒಂದು ಟಾನಿಕ್ಕು ಸೀಸೆ.

ರಸಾಯನಶಾಸ್ತ್ರ ಓದಿದವನಿಗೆ ಇಲ್ಲಿ ಒಂದು ಮಾತು ಹೊಳೆಯುತ್ತದೆ. ಎಥೈಲ್ ಆಲ್ಕೋಹಾಲಿನ ಅಣುವಿಗೆ ತಾನು ಬ್ರಾಂದಿಯ ಸೀಸೆಯಿಂದ ಬಂದೆನೋ ಟಾನಿಕ್ಕಿನ ಸೀಸೆಯಿಂದ ಬಂದೆನೋ ಗೊತ್ತಿಲ್ಲ. ರಕ್ತ ಪರೀಕ್ಷಿಸುವವನಿಗೂ ಗೊತ್ತಾಗುವುದಿಲ್ಲ. ಪಾನನಿರೋಧದ ಕಾನೂನಿಗೆ ಮಾತ್ರ ಅದೇ ಮುಖ್ಯ ಪ್ರಶ್ನೆ. ಏಕೆಂದರೆ ಅದು ಕುಡಿದದ್ದನ್ನು ಶಿಕ್ಷಿಸುತ್ತದೆ. ಮೋಟಾರು ಕಾನೂನಿನ ಕಣ್ಣು ಬೇರೆ ಕಡೆಗಿದೆ: ಎಲ್ಲಿಂದಲಾದರೂ ಬರಲಿ, ಚಕ್ರ ಹಿಡಿದ ಕೈಯ ಹತೋಟಿ ತಪ್ಪಿತ್ತೆ? ಬೀದಿಯಲ್ಲಿ ಬಿದ್ದ ಮೂವರ ದೃಷ್ಟಿಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಎರಡನೆಯದೇ ಎಂದು ನನಗೆ ಅನ್ನಿಸುತ್ತದೆ. ಆ ಮೊಕದ್ದಮೆಯಲ್ಲಿ ಎಲ್ಲರ ಲಕ್ಷ್ಯವೂ ಸೀಸೆಯ ಕಡೆಗೇ ಹೋಯಿತು.

ತೀರ್ಪಿನ ಫಲವಾಗಿ ಪೊಲೀಸರ ಕೈ ಕಟ್ಟಿದಂತಾಯಿತು. ವಾಸನೆ ಬಂದವರೆಲ್ಲ ಟಾನಿಕ್ಕಿನ ಹೆಸರು ಹೇಳಬಹುದಲ್ಲ! ಮುಂಬಯಿ ಸರಕಾರ ೧೯೫೯ರಲ್ಲಿ ಕಾಯಿದೆ ತಿದ್ದಿತು. ರಕ್ತದಲ್ಲಿ ಆಲ್ಕೋಹಾಲು ನೂರಕ್ಕೆ ೦.೦೫ ಅಂಶಕ್ಕೆ ಕಡಿಮೆ ಇಲ್ಲವೆಂದು ರುಜುವಾತಾದರೆ, ಅದು ಔಷಧಿಯಿಂದ ಬಂದದ್ದೆಂದು ತೋರಿಸುವ ಹೊರೆ ಆರೋಪಿಯ ಮೇಲೆ. ಶಂಕಿತನನ್ನು ವೈದ್ಯರ ಬಳಿಗೆ ಕಳಿಸಿ ರಕ್ತ ತೆಗೆಸುವ ಅಧಿಕಾರವನ್ನೂ ಸೇರಿಸಿದರು. ದೇಶದ ಮೋಟಾರು ಕಾನೂನಿನಲ್ಲಿ ರಕ್ತದ ಆಲ್ಕೋಹಾಲಿಗೆ ಇಂತಿಷ್ಟೆಂಬ ಅಂಕಿ ಬರುವುದಕ್ಕೆ ಮೂವತ್ತೈದು ವರ್ಷ ಮೊದಲೇ ಮುಂಬಯಿಯಲ್ಲಿ ಅಂಥ ಒಂದು ಅಂಕಿ ಇತ್ತು. ಅದು ಬಂದದ್ದು ರಸ್ತೆಯ ಸುರಕ್ಷಿತತೆಗಾಗಿ ಅಲ್ಲ, ಟಾನಿಕ್ಕಿನ ನೆಪವನ್ನು ಮುಚ್ಚಲಿಕ್ಕಾಗಿ.

ಹೀಗೆ ಇಲ್ಲಿ ಸೀಸೆಯ ಚರ್ಚೆ ನಡೆಯುತ್ತಿದ್ದ ದಿನಗಳಲ್ಲೇ ಇಂಗ್ಲೆಂಡಿನಲ್ಲಿ ಮೂಲ ವಾಕ್ಯದ ಪರೀಕ್ಷೆ ನಡೆಯಿತು. ೧೯೫೭ರ ಆರ್ಮ್‌ಸ್ಟ್ರಾಂಗ್ ಮತ್ತು ಕ್ಲಾರ್ಕ್ ಮೊಕದ್ದಮೆ. ಆರೋಪಿ ಸಕ್ಕರೆ ಕಾಯಿಲೆಯವನು. ವೈದ್ಯರು ಹೇಳಿದ ಇನ್ಸುಲಿನ್ ತೆಗೆದುಕೊಂಡು ಕಾರು ನಡೆಸುತ್ತಿದ್ದಾಗ ರಕ್ತದ ಸಕ್ಕರೆ ಇಳಿದು ಹತೋಟಿ ತಪ್ಪಿತು. ಹೀಗೆ ಸಕ್ಕರೆ ಇಳಿದವನ ನಡೆ ತೊದಲುತ್ತದೆ, ಬೆವರುತ್ತಾನೆ, ಅಸಂಬದ್ಧ ಮಾತಾಡುತ್ತಾನೆ. ನೋಡಿದವರು ಕುಡಿದಿದ್ದಾನೆಂದೇ ತಿಳಿಯುತ್ತಾರೆ. ಮ್ಯಾಜಿಸ್ಟ್ರೇಟರು ಆರೋಪವನ್ನು ತಳ್ಳಿಹಾಕಿದ್ದರು. ಮೇಲಿನ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗಾಡರ್ಡ್ ಒಪ್ಪಲಿಲ್ಲ. ಕಾಯಿಲೆ ಗುಣಪಡಿಸಲೆಂದೋ ಶಮನ ಮಾಡಲೆಂದೋ ಕೊಡುವ ಔಷಧಿಯೂ ‘ಡ್ರಗ್’ ಎಂಬ ಶಬ್ದದೊಳಗೇ ಬರುತ್ತದೆ, ಇನ್ಸುಲಿನ್ನೂ ಅಷ್ಟೆ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿರುವವರು ಸಾರ್ವಜನಿಕರ ಹಿತಕ್ಕಾಗಿ ವಾಹನ ನಡೆಸಕೂಡದು ಎಂಬುದು ಅವರ ಮಾತಿನ ತಾತ್ಪರ್ಯ. ಗಾಡರ್ಡರು ಕಠಿಣರೆಂದು ಹೆಸರಾದವರು. ಇಲ್ಲಿಯೂ ರೋಗಿಯ ಮೇಲೆ ಕನಿಕರವನ್ನೇನೂ ತೋರಿಸಲಿಲ್ಲ. ಆದರೆ ಮೂವತ್ತು ವರ್ಷ ಗೋಜಲಾಗಿದ್ದ ಶಬ್ದ ತಿಳಿಯಾಯಿತು.

ಐದು ವರ್ಷಗಳ ಮೇಲೆ, ೧೯೬೨ರಲ್ಲಿ, ವಾಟ್ಮೋರ್ ಮತ್ತು ಜೆಂಕಿನ್ಸ್ ಮೊಕದ್ದಮೆ ಬಂತು. ಇವನೂ ಸಕ್ಕರೆ ಕಾಯಿಲೆಯವನೇ. ಕಾಮಾಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಎಂದಿನಂತೆ ಸರಿಯಾದ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡ. ದೇಹದ ಸ್ಥಿತಿ ಒಳಗೇ ಬದಲಾದ್ದರಿಂದ ಸಕ್ಕರೆ ಇಳಿದು, ಮಂಕು ಕವಿದ ಸ್ಥಿತಿಯಲ್ಲೇ ಐದು ಮೈಲಿ ಕಾರು ನಡೆಸಿದ. ‘ಡ್ರಗ್’ನ ಆರೋಪದಿಂದ ಆತ ಪಾರಾದ, ಹೊರಗಿನಿಂದ ಹೋದ ಇನ್ಸುಲಿನ್ನೇ ಕಾರಣವೆಂಬುದರಲ್ಲಿ ಸಂಶಯ ಉಳಿಯಿತು. ಅಪಾಯಕರ ಚಾಲನೆಯ ಆರೋಪದಿಂದ ಮಾತ್ರ ಪಾರಾಗಲಿಲ್ಲ. ಐದು ಮೈಲಿ ತಿರುವುಗಳಲ್ಲಿ ತಿರುಗಿಸುತ್ತ ಬಂದವನು ಆ ಹೊತ್ತೆಲ್ಲ ಬರಿಯ ಯಂತ್ರದಂತಿದ್ದ ಎಂಬುದನ್ನು ನ್ಯಾಯಾಧೀಶರು ನಂಬಲಿಲ್ಲ. ಈ ಎರಡು ತೀರ್ಪುಗಳು ಒಂದರ ಪಕ್ಕದಲ್ಲಿ ಒಂದು ಸಲೀಸಾಗಿ ಕೂರುವುದಿಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಆದರೆ ಎರಡರಲ್ಲೂ ಒಂದು ಎಳೆ ಇದೆ: ವೈದ್ಯರ ಚೀಟಿ ಇದೆಯೆಂಬುದು ತನ್ನಷ್ಟಕ್ಕೆ ತಾನೇ ರಕ್ಷಣೆಯಲ್ಲ. ನಮ್ಮ ಕೋರ್ಟುಗಳಿಗೆ ಇವು ಕಟ್ಟುಪಾಡಲ್ಲ; ಆದರೂ ಶಬ್ದಗಳು ಒಂದೇ ಆದ್ದರಿಂದ ತೂಕ ಇಲ್ಲವೆನ್ನಲಾಗದು.

ಇನ್ಸುಲಿನ್ ತೆಗೆದುಕೊಳ್ಳುವವರು ಕೆಲವರು. ಆದರೆ ಅದೇ ಕಾಲದಲ್ಲಿ ಮನೆಮನೆಗೂ ಬೇರೆ ಗುಳಿಗೆಗಳು ಬರತೊಡಗಿದವು. ನೆಗಡಿ, ತುರಿಕೆಗಳ ಆಂಟಿಹಿಸ್ಟಮಿನ್ ಗುಳಿಗೆಗಳು ೧೯೪೦ರ ದಶಕದಲ್ಲಿ ಬಂದವು. ೧೯೬೦ರಲ್ಲಿ ಲಿಬ್ರಿಯಂ, ೧೯೬೩ರಲ್ಲಿ ವೇಲಿಯಂ. ಎರಡೂ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಜ್ಞರ ಕೈಯಲ್ಲಿ ಹುಟ್ಟಿದವು. ಹಿಸ್ಟಮಿನ್ ಎಂಬುದು ಮೂಗಿನಲ್ಲಿ ನೀರು ಸುರಿಸುವ ಪದಾರ್ಥ ಮಾತ್ರವಲ್ಲ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವುದೂ ಅದೇ. ಹಳೆಯ ಕಾಲದ ನೆಗಡಿ ಗುಳಿಗೆ ರಕ್ತದಿಂದ ಮಿದುಳಿಗೆ ದಾಟಿಹೋಗಿ ಅಲ್ಲಿಯೂ ಅದರ ದಾರಿ ಕಟ್ಟುತ್ತದೆ. ಮೂಗು ಒಣಗುತ್ತದೆ, ಜೊತೆಗೆ ಎಚ್ಚರವೂ ಒಣಗುತ್ತದೆ. ಫೆಕ್ಸೊಫೆನಡಿನ್‌ನಂಥ ಈಚಿನ ಗುಳಿಗೆಗಳು ಹೆಚ್ಚಾಗಿ ಆ ಗಡಿಯನ್ನು ದಾಟುವುದಿಲ್ಲ, ಅದರಿಂದ ತೂಕಡಿಕೆ ಕಡಿಮೆ.

ಇನ್ನು ಕಾಲದ ಲೆಕ್ಕ. ಆಲ್ಕೋಹಾಲು ಗಂಟೆಗಿಷ್ಟು ಎಂದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ. ರಾತ್ರಿ ಸ್ವಲ್ಪ ಕುಡಿದವನು ಬೆಳಿಗ್ಗೆಗೆ ತಿಳಿಯಾಗಬಹುದು. ಡಯಾಜಿಪಾಮ್ ಹಾಗಲ್ಲ (ವೇಲಿಯಂನ ರಾಸಾಯನಿಕ ಹೆಸರು ಅದು). ರಕ್ತದಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಅದಕ್ಕೆ ಒಂದೆರಡು ದಿನ ಬೇಕು. ಅದರಿಂದ ಹುಟ್ಟುವ ಇನ್ನೊಂದು ಪದಾರ್ಥ ಅದಕ್ಕಿಂತಲೂ ಹೆಚ್ಚು ಹೊತ್ತು ಉಳಿದು ಅದೇ ಕೆಲಸ ಮಾಡುತ್ತದೆ. ನಿದ್ದೆಯ ಗುಳಿಗೆಯಾದ ಝೋಲ್ಪಿಡೆಮ್ ಬೇಗ ಇಳಿಯುವಂಥದೆಂದು ಹೆಸರಾಗಿತ್ತು. ಆದರೂ ೨೦೧೩ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರಿಗೆ ಅದರ ಪ್ರಮಾಣವನ್ನು ಹತ್ತು ಮಿಲಿಗ್ರಾಮಿನಿಂದ ಐದಕ್ಕೆ ಇಳಿಸಲು ಹೇಳಿತು. ಕಾರಣ, ಮರುದಿನ ಬೆಳಿಗ್ಗೆಯೂ ಕಾರು ನಡೆಸಲು ತೊಡಕಾಗುವಷ್ಟು ಮದ್ದು ಹಲವರ ರಕ್ತದಲ್ಲಿ ಉಳಿದಿರುವುದು ಕಂಡುಬಂದಿತ್ತು. ರಜೆಗೆ ಊರಿನ ಕಡೆ ರಾತ್ರಿಯೆಲ್ಲ ಕಾರು ಹೊಡೆಯುವ ನಮ್ಮ ಬಂಧುಗಳು, ಕೆಮ್ಮಿನ ಔಷಧಿಯ ಸೀಸೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಹೊರಡುವುದನ್ನು ನಾನು ಕಂಡಿದ್ದೇನೆ.

ಔಷಧದ ಚೀಟಿ ಏನು ಹೇಳುತ್ತದೆ? ನಮ್ಮ ೧೯೪೫ರ ಔಷಧ ನಿಯಮಗಳ ‘ಜಿ’ ಅನುಸೂಚಿಯಲ್ಲಿ ಆಂಟಿಹಿಸ್ಟಮಿನ್‌ಗಳು ಸೇರಿವೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ಇದನ್ನು ಸೇವಿಸುವುದು ಅಪಾಯಕರ ಎಂಬುದು ಅವುಗಳ ಮೇಲೆ ಅಚ್ಚಾಗಬೇಕಾದ ಎಚ್ಚರಿಕೆ. ವಾಹನದ ಮಾತು ಆ ಸಾಲಿನಲ್ಲಿಲ್ಲ. ಇಂಗ್ಲೆಂಡಿನ ಔಷಧದಂಗಡಿಯವನು ಅಂಟಿಸುವ ಚೀಟಿ, ನಿದ್ದೆ ಬಂದರೆ ವಾಹನ ನಡೆಸಬೇಡಿ, ಯಂತ್ರ ಮುಟ್ಟಬೇಡಿ ಎಂದು ನೇರವಾಗಿ ಹೇಳುತ್ತದೆ.

ಇತ್ತ ಪುರಾವೆಯ ಪ್ರಶ್ನೆ ಇದ್ದೇ ಇತ್ತು. ೧೯೭೧ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮಹಾರಾ‌ಷ್ಟ್ರದ ಇನ್ನೊಂದು ಮೊಕದ್ದಮೆ, ಬಚೂಭಾಯಿ ಕರಿಯಾನಿಯವರದು. ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಪಾಪೆ, ತೊದಲು ಮಾತು ಇಷ್ಟನ್ನೇ ನೋಡಿ ವೈದ್ಯರು ಕುಡಿದಿದ್ದಾನೆಂದು ಹೇಳಿದ್ದರು. ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸಿರಲಿಲ್ಲ. ಅಷ್ಟರಿಂದ ಕುಡಿತ ಸಿದ್ಧವಾಗುವುದಿಲ್ಲವೆಂದಿತು ಕೋರ್ಟು. ಆಲ್ಕೋಹಾಲಿನ ಗತಿಯೇ ಹೀಗಾದರೆ ಗುಳಿಗೆಯ ಗತಿಯೇನು? ಅದಕ್ಕೆ ವಾಸನೆಯೂ ಇಲ್ಲ. ಉಸಿರಿನ ಯಂತ್ರಕ್ಕೆ ಊದಿಸಿದರೆ ಸೊನ್ನೆ ತೋರಿಸುತ್ತದೆ.

೧೯೮೮ರಲ್ಲಿ ಹೊಸ ಮೋಟಾರು ವಾಹನ ಕಾಯಿದೆ ಬಂದು, ಹಳೆಯ ೧೧೭ನೆಯ ಕಲಮು ೧೮೫ ಎಂಬ ಹೊಸ ಸಂಖ್ಯೆ ತೊಟ್ಟಿತು. ರಕ್ತದಲ್ಲಿ ಆಲ್ಕೋಹಾಲು ಎಷ್ಟೇ ಅಲ್ಪವಿದ್ದರೂ ಅಪರಾಧ ಎಂದು ಮೊದಲು ಇದ್ದದ್ದು, ೧೯೯೪ರ ತಿದ್ದುಪಡಿಯಿಂದ ನೂರು ಮಿಲಿಲೀಟರಿಗೆ ಮೂವತ್ತು ಮಿಲಿಗ್ರಾಂ ಎಂಬ ಮಿತಿಯಾಯಿತು. ಹೀಗೆ ಮದ್ಯಕ್ಕೆ ಅಂಕಿ ಬಂತು. ಮದ್ದಿಗೆ ಮಾತ್ರ ೧೯೩೦ರ ಅದೇ ಇಂಗ್ಲಿಷ್ ಸಾಲು ಉಳಿಯಿತು: ಸರಿಯಾದ ಹತೋಟಿಗೆ ಅಸಮರ್ಥನಾದಷ್ಟು ಪ್ರಭಾವ.

೨೦೧೯ರ ತಿದ್ದುಪಡಿಯಲ್ಲಿ ಕೊನೆಗೂ ‘ಡ್ರಗ್’ ಎಂಬ ಶಬ್ದಕ್ಕೆ ವಿವರಣೆ ಬರೆದರು. ಆಲ್ಕೋಹಾಲಿನ ಹೊರತಾಗಿ ಕೇಂದ್ರ ಸರಕಾರ ಸೂಚಿಸುವ ಅಮಲಿನ ಪದಾರ್ಥಗಳು, ಅವುಗಳ ಜೊತೆಗೆ ೧೯೮೫ರ ಎನ್.ಡಿ.ಪಿ.ಎಸ್. ಕಾಯಿದೆಯಲ್ಲಿ ಹೇಳಿದ ಮಾದಕ ಹಾಗೂ ಮನೋಪ್ರಭಾವಕ ಪದಾರ್ಥಗಳು. ಪ್ರಯೋಗಾಲಯದ ಪರೀಕ್ಷೆಗೂ ಆಗ ಕಲಮಿನಲ್ಲಿ ಜಾಗ ಸಿಕ್ಕಿತು. ದಂಡ ಮೊದಲ ಸಲಕ್ಕೆ ಎರಡು ಸಾವಿರದವರೆಗೆ ಇದ್ದದ್ದು ಹತ್ತು ಸಾವಿರಕ್ಕೆ ಏರಿತು, ಆರು ತಿಂಗಳವರೆಗಿನ ಸೆರೆ ಹಾಗೆಯೇ ಇದೆ. ಮತ್ತೆ ಸಿಕ್ಕಿಬಿದ್ದರೆ ಹದಿನೈದು ಸಾವಿರ, ಎರಡು ವರ್ಷದವರೆಗೆ ಸೆರೆ. ಈಗ ಆ ಎನ್.ಡಿ.ಪಿ.ಎಸ್. ಪಟ್ಟಿಯನ್ನು ತೆರೆದು ನೋಡಿ. ಗಾಂಜಾ ಅಫೀಮುಗಳ ನಂಟರ ಸಾಲಿನಲ್ಲೇ ಡಯಾಜಿಪಾಮ್ ಇದೆ, ಲೊರಾಜಿಪಾಮ್ ಇದೆ, ಆಲ್‌ಪ್ರಾಜೊಲಾಮ್ ಇದೆ. ವೈದ್ಯರು ದಿನವೂ ಬರೆಯುವ, ನಮ್ಮ ವಯಸ್ಸಾದ ಎಷ್ಟೋ ಮಂದಿಯ ದಿಂಬಿನ ಬದಿಯಲ್ಲಿ ಇರುವ ಗುಳಿಗೆಗಳೇ ಇವು. ಚೀಟಿಯ ಮೇಲೆ ಕೊಂಡು ತಿನ್ನುವುದು ಅಪರಾಧವಲ್ಲ, ಸರಿ. ಆದರೆ ತಿಂದು ವಾಹನ ನಡೆಸಿ ಹತೋಟಿ ತಪ್ಪಿದರೆ ‘ವೈದ್ಯರೇ ಕೊಟ್ಟದ್ದು’ ಎಂಬ ಉತ್ತರಕ್ಕೆ ೧೮೫ನೆಯ ಕಲಮಿನಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ನೆಗಡಿಯ ಗುಳಿಗೆ, ಇನ್ಸುಲಿನ್ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಅವಕ್ಕೆ ಮಾಫಿ ಎಂದಲ್ಲ. ಅಪಾಯಕರ ಚಾಲನೆಗೆ ೧೮೪ನೆಯ ಕಲಮು ಇದೆ. ತನ್ನ ಕಾಯಿಲೆಯಿಂದ ಚಾಲನೆ ಇತರರಿಗೆ ಅಪಾಯವೆಂದು ತನಗೇ ಗೊತ್ತಿದ್ದೂ ನಡೆಸಿದವನಿಗೆ ೧೮೬ ಇದೆ. ಆಗಾಗ ಸಕ್ಕರೆ ಇಳಿದು ಮಂಕಾಗುವವರು ಇದನ್ನು ಓದಿಕೊಳ್ಳುವುದು ಮೇಲು. ದಂಡವೇನೋ ಚಿಲ್ಲರೆ, ಮೊದಲ ಸಲ ಒಂದು ಸಾವಿರದವರೆಗೆ. ಜೀವ ಹೋದರೆ ಮಾತೇ ಬೇರೆ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ೧೮೭೦ರಲ್ಲಿ ದಂಡಸಂಹಿತೆಗೆ ಸೇರಿದ ೩೦೪ಎ ಕಲಮಿನಂತೆ ಎರಡು ವರ್ಷದವರೆಗೆ ಸಜೆ ಇತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿದೆ. ಅಮಲಿನಲ್ಲಿದ್ದವನನ್ನು ಕ್ಷಮಿಸುವ ಕಲಮು ಒಂದಿದೆ, ನಿಜ. ಆದರೆ ಅದು ತನಗೆ ತಿಳಿಯದೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲು ಉಣಿಸಲ್ಪಟ್ಟವನಿಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ ಯಾರೋ ‘ಮದ್ದು ಹಾಕಿದ’ವನಿಗೆ. ನುಂಗಿದ್ದು ಗೊತ್ತಿತ್ತು, ಪರಿಣಾಮ ಗೊತ್ತಿರಲಿಲ್ಲ ಎನ್ನುವವನಿಗೆ ಅದು ಸುಲಭವಾಗಿ ಒದಗಲಾರದು.

ಮೂಲ ವಾಕ್ಯ ಬರೆದ ಇಂಗ್ಲೆಂಡು ಈ ನಡುವೆ ಮುಂದಕ್ಕೆ ಹೋಗಿದೆ. ಹಳೆಯ ಸಾಲನ್ನು ಬೇರೆ ಮಾತಿನಲ್ಲಿ ಉಳಿಸಿಕೊಂಡೇ, ೨೦೧೫ರ ಮಾರ್ಚ್ ೨ರಿಂದ ಅದರ ಪಕ್ಕದಲ್ಲಿ ಇನ್ನೊಂದು ಅಪರಾಧವನ್ನು ಸೇರಿಸಿತು. ಒಂದೊಂದು ಪದಾರ್ಥಕ್ಕೂ ರಕ್ತದಲ್ಲಿ ಇಷ್ಟೆಂಬ ಮಿತಿ. ಅದರಲ್ಲಿ ಎರಡು ಪಂಕ್ತಿ: ಗಾಂಜಾ, ಕೊಕೇನುಗಳಂಥವಕ್ಕೆ ಸೊನ್ನೆಗೆ ಹತ್ತಿರದ ಮಿತಿ, ವೈದ್ಯರು ಕೊಡುವ ಮದ್ದುಗಳಿಗೆ ಅಪಾಯದ ಅಳತೆ ನೋಡಿ ಇಟ್ಟ ಮಿತಿ. ಗಾಂಜಾದ ಸತ್ವ ಲೀಟರು ರಕ್ತದಲ್ಲಿ ೨ ಮೈಕ್ರೋಗ್ರಾಂ ಮೀರಬಾರದು. ಮಾರ್ಫಿನ್ ೮೦, ಡಯಾಜಿಪಾಮ್ ೫೫೦, ಟೆಮಾಜಿಪಾಮ್ ೧೦೦೦. ಈ ಮಿತಿ ಮೀರಿದರೂ, ಮದ್ದು ವೈದ್ಯರು ಕೊಟ್ಟದ್ದು, ಅವರು ಹೇಳಿದಂತೆಯೇ ತೆಗೆದುಕೊಂಡದ್ದು ಎಂದು ತೋರಿಸಿದರೆ ಈ ಹೊಸ ಅಪರಾಧದಿಂದ ಬಿಡುಗಡೆ. ಆದರೆ ಚಾಲನೆಯೇ ಕೆಟ್ಟಿದ್ದರೆ ಹಳೆಯ ಅಪರಾಧ ಕಾದೇ ಇರುತ್ತದೆ. ಅದಕ್ಕೆ ಆ ಬಿಡುಗಡೆ ಅನ್ವಯಿಸದು. ತಪ್ಪಿತಸ್ಥನಾದರೆ ಕನಿಷ್ಠ ಒಂದು ವರ್ಷ ಲೈಸೆನ್ಸು ರದ್ದು. ಅಪಾಯಕರ ಚಾಲನೆಯಿಂದ ಸಾವು ತಂದವನಿಗೆ ೨೦೨೨ರಿಂದ ಅಲ್ಲಿ ಗರಿಷ್ಠ ಶಿಕ್ಷೆ ಜೀವಾವಧಿ.

ನಮ್ಮಲ್ಲಿ ಮದ್ದಿಗೆ ಮಿತಿ ಇಡುವುದು ಸುಲಭವಲ್ಲ, ಒಪ್ಪಬೇಕು. ವರ್ಷಗಟ್ಟಲೆ ಒಂದೇ ಗುಳಿಗೆ ತಿಂದವನಿಗೆ ಅದು ಅಭ್ಯಾಸವಾಗಿರುತ್ತದೆ. ಅದೇ ಪ್ರಮಾಣ ಹೊಸಬನನ್ನು ಮಲಗಿಸುತ್ತದೆ. ಆದರೆ ಅಂಕಿ ಇಲ್ಲದ ಕಾನೂನಿನಲ್ಲಿ ನಿರಪರಾಧಿ ರೋಗಿಗೂ ನೆಲೆ ಇಲ್ಲ, ಬೀದಿಯಲ್ಲಿ ಬಿದ್ದವನಿಗೂ ನೆಲೆ ಇಲ್ಲ. ಎಲ್ಲವೂ ಆ ರಾತ್ರಿಯ ಪೊಲೀಸಿನವನು ಏನು ಬರೆದುಕೊಂಡ, ಆಸ್ಪತ್ರೆಯಲ್ಲಿ ರಕ್ತ ತೆಗೆದರೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ.

ಸರಕಾರಿ ನೌಕರರಾದ ಬಂಧುಗಳಿಗೆ ಒಂದು ಮಾತು. ೧೯೬೪ರ ನಡತೆ ನಿಯಮಗಳ ೨೨ನೆಯ ನಿಯಮವನ್ನು ನಾವೆಲ್ಲ ಕುಡುಕರ ನಿಯಮವೆಂದು ದಾಟಿಹೋಗುತ್ತೇವೆ. ಅದರಲ್ಲಿಯೂ ಇರುವುದು ‘ಡ್ರಿಂಕ್ ಆರ್ ಡ್ರಗ್’ ಎಂಬ ಜೋಡಿಯೇ. ಕಚೇರಿಯ ಕಾರು ನಡೆಸುವ ಚಾಲಕನಿಗೆ ಆ ಎರಡನೆಯ ಶಬ್ದ ಗುಮಾಸ್ತನಿಗಿಂತ ಹೆಚ್ಚು ಹತ್ತಿರದ್ದು.

ವಿಮೆಯ ಕಾಗದವನ್ನು ಓದುವವರು ಕಡಿಮೆ. ವಾಹನಕ್ಕೆ ತಗುಲಿದ ಹಾನಿಯನ್ನು ಕೊಡುವ ಭಾಗದಲ್ಲಿ, ಚಾಲಕ ಮದ್ಯದ ಅಥವಾ ಡ್ರಗ್ಗಿನ ಪ್ರಭಾವದಲ್ಲಿದ್ದರೆ ಹಣವಿಲ್ಲ ಎಂಬ ಸಾಲು ಬಹುಕಾಲದಿಂದ ಇದೆ. ೨೦೧೯ರ ತಿದ್ದುಪಡಿ ಇದನ್ನು ಇನ್ನೂ ಒಳಕ್ಕೆ ತಂದಿದೆ. ಮೂರನೆಯವರಿಗೆ ಆದ ಹಾನಿಯ ಮೊಕದ್ದಮೆಯಲ್ಲಿ ವಿಮಾ ಕಂಪೆನಿ ಎತ್ತಬಹುದಾದ ತಕರಾರುಗಳ ಪಟ್ಟಿಯಲ್ಲಿ, ೧೫೦ನೆಯ ಕಲಮಿನೊಳಗೆ, ೧೮೫ರಲ್ಲಿ ಹೇಳಿದ ಅಮಲಿನ ಚಾಲನೆಯೂ ಸೇರಿದೆ.

ಲೈಸೆನ್ಸಿಗೆ ಅರ್ಜಿ ಹಾಕುವಾಗ ನಾವು ತುಂಬುವ ೧ನೆಯ ನಮೂನೆಯಲ್ಲಿ ದೈಹಿಕ ಯೋಗ್ಯತೆಯ ಪ್ರಶ್ನೆಗಳಿವೆ. ಅಪಸ್ಮಾರ ಉಂಟೆ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದುಂಟೆ, ತಲೆ ಸುತ್ತುವುದುಂಟೆ, ಇಪ್ಪತ್ತೈದು ಮೀಟರು ದೂರದ ನಂಬರು ಕಾಣುತ್ತದೆಯೆ, ಇರುಳುಗಣ್ಣು ಉಂಟೆ. ದಿನವೂ ನುಂಗುವ ಗುಳಿಗೆ ಯಾವುದೆಂದು ಅದರಲ್ಲಿ ಕೇಳಿಲ್ಲ.